ಎಲ್ಲ ವಯಸ್ಸಿನವರೂ ಆನ್‌ಲೈನ್ ತರಬೇತಿ ಒಪ್ಪಿಕೊಳ್ಳಬೇಕಾದರೆ

ನಾನು ಕಚೇರಿಯಲ್ಲಿ ತರಬೇತಿ ನೋಡಿಕೊಳ್ಳುವವಳು. ಹೊಸದಾಗಿ ಸೇರಿದವರಿಂದ ನಿವೃತ್ತಿಗೆ ಹತ್ತಿರವಾದವರ ತನಕ ಎಲ್ಲರಿಗೂ ಸುಮ್ನೆ ಒಂದೇ ಲಿಂಕ್ ಕಳಿಸಿ ಸೋತಿದ್ದೇನೆ. ಈಗ ಮಾಡುವ ರೀತಿ ಬೇರೆ.

ಲಿಂಕ್ ಕಳಿಸುವ ಮೊದಲು, ಇದರಿಂದ ಅವರ ಯಾವ ಕೆಲಸ ಹಗುರಾಗುತ್ತದೆ ಅಂತ ಒಂದು ಸಾಲು ಬರೆಯಿರಿ. ಹೊಸ ತಂತ್ರಜ್ಞಾನ ಉಪಯೋಗಕ್ಕೆ ಬರುತ್ತದೆ, ಬಳಸಲು ಸುಲಭ ಅನ್ನಿಸಿದರೆ ಜನ ಒಪ್ಪುತ್ತಾರೆ ಎಂದು 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ತೋರಿಸಿದರು. ಎರಡರಲ್ಲಿ ಉಪಯೋಗದ ತೂಕವೇ ಜಾಸ್ತಿ.

ಹಿರಿಯರ ಜೊತೆ ಮೊದಲ ಸಲ ಪಕ್ಕದಲ್ಲಿ ಕೂತುಕೊಳ್ಳಿ. ಮೌಸ್ ಅವರ ಕೈಯಲ್ಲೇ ಇರಲಿ, ಕಸಿದುಕೊಂಡು ಮಾಡಿ ತೋರಿಸಬೇಡಿ. ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಮೂರು ವಾರ ಕೋರ್ಸ್ ಮುಟ್ಟಿರಲಿಲ್ಲ. ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ಕೇಳಿದರೆ, ಪಾಸ್‌ವರ್ಡ್ ಬದಲಿಸುವ ಪುಟದಲ್ಲೇ ಸಿಕ್ಕಿಕೊಂಡಿದ್ದರು. ಚಿಕ್ಕವರನ್ನು ಕೇಳಲು ಸಂಕೋಚ, ಅಷ್ಟೇ. ಹತ್ತು ನಿಮಿಷದಲ್ಲಿ ಸರಿಹೋಯಿತು. ಆಮೇಲೆ ಪಕ್ಕದ ಮೇಜಿನವರಿಗೆ ಅವರೇ ಹೇಳಿಕೊಟ್ಟರು. ಅದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ಕಿರಿಯರ ತೊಂದರೆ ಬೇರೆ. ವಿಡಿಯೊ ಓಡಿಸಿ, ಉತ್ತರ ಒತ್ತಿ ಮುಗಿಸಿಬಿಡುತ್ತಾರೆ. ಫೋನ್ ಬಳಸಲು ಚೆನ್ನಾಗಿ ಬಂದ ಮಾತ್ರಕ್ಕೆ ಕಲಿತ ಹಾಗಲ್ಲ, ಅಲ್ವಾ? ಮೊದಲೇ ಸಣ್ಣ ಪರೀಕ್ಷೆ ಇಡಿ, ಗೊತ್ತಿರುವ ಭಾಗ ಬಿಡಲಿ. ಉಳಿದದ್ದನ್ನು ನಿಜವಾದ ಕೆಲಸ ಕೊಟ್ಟು ಮಾಡಿಸಿ.

ವಿಡಿಯೊಗಳು ಚಿಕ್ಕದಾಗಿರಲಿ, ಕೆಳಗೆ ಬರಹವೂ ಬರಲಿ. ಇನ್ನು ಸಮಯ. ಕೆಲಸದ ವೇಳೆಯಲ್ಲೇ ಅರ್ಧ ಗಂಟೆ ಬಿಡುವು ಕೊಡಿಸಿ. ರಾತ್ರಿ ಮನೆಯಲ್ಲಿ ಮಾಡಿ ಅಂದರೆ ಯಾವ ವಯಸ್ಸಿನವರಿಗೂ ಬೇಸರವೇ.