ಇದು ಯಾವ ‘ಬಹುದು’? ಕ್ಯಾನ್, ಕುಡ್, ಮೇ, ಮೈಟ್ ಬಳಸುವ ಬಗೆ

ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದು ಜವಳಿ ಅಂಗಡಿ. ಅಲ್ಲಿ ನಾನು ಒಂಬತ್ತು ವರ್ಷ ಲೆಕ್ಕ ಬರೆದೆ. ಸೀರೆ ಬೇಲ್‌ಗಳು ಸೂರತ್‌ನಿಂದ ಬರುತ್ತಿದ್ದವು. ಅಲ್ಲಿಯ ಪಾರ್ಟಿಗೆ ಇಂಗ್ಲಿಷ್‌ನಲ್ಲಿ ಮೆಸೇಜ್ ಹಾಕುವ ಕೆಲಸವೂ ನನ್ನದೇ.

ಒಂದು ಸಲ ಲೋಡ್ ತಡವಾಯಿತು. ಡ್ರೈವರ್ ಯಾಕೆ ಸುದ್ದಿ ಕೊಟ್ಟಿಲ್ಲ ಅಂತ ಪಾರ್ಟಿಯವರು ಕೇಳಿದರು. ‘ನಿಮ್ಮ ಆಫೀಸಿಗೆ ಫೋನ್ ಮಾಡಿರಬಹುದು, ವಿಚಾರಿಸಿ ನೋಡಿ’ ಅನ್ನೋದು ನನ್ನ ಮನಸ್ಸಿನಲ್ಲಿದ್ದ ಮಾತು. ಬರೆದದ್ದು, ‘ದ ಡ್ರೈವರ್ ಕುಡ್ ಹ್ಯಾವ್ ಕಾಲ್ಡ್ ಯು’. ಅವರು ಅದನ್ನು ‘ಡ್ರೈವರ್ ನಿಮಗೆ ಫೋನ್ ಮಾಡಬಹುದಿತ್ತು’ ಅಂತ ಓದಿಕೊಂಡರು. ಅಂದರೆ ಮಾಡಲಿಲ್ಲ, ತಪ್ಪು ಅವನದೇ. ಬಾಡಿಗೆಯಲ್ಲಿ ಅವನ ದುಡ್ಡು ಹಿಡಿದುಬಿಟ್ಟರು. ಅವನು ನಿಜವಾಗಲೂ ಫೋನ್ ಮಾಡಿದ್ದ. ನಾನು ಅವನ ಹತ್ತಿರ ಹೋಗಿ ತಪ್ಪಾಯಿತು ಅಂದೆ, ಪಾರ್ಟಿಗೆ ಮತ್ತೆ ಬರೆದೆ, ದುಡ್ಡು ವಾಪಸ್ ಬಂತು. ಆದರೆ ಆ ನಾಲ್ಕು ದಿನ ಅವನು ಅಂಗಡಿ ಕಟ್ಟೆ ಮೇಲೆ ತಲೆ ತಗ್ಗಿಸಿ ಕೂತಿದ್ದು ನನಗೆ ಈಗಲೂ ಕಣ್ಣ ಮುಂದಿದೆ.

ಈಗ ಸಂಜೆ ಹೊತ್ತು ಮನೆ ಮಹಡಿಯಲ್ಲಿ ಹನ್ನೊಂದು ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಿಂದಿನ ಬೀದಿಯಲ್ಲಿ ಮಂಡಕ್ಕಿ ಭಟ್ಟಿ ಇದೆ, ಕಿಟಕಿ ತೆಗೆದರೆ ಹುರಿದ ವಾಸನೆ ಕೋಣೆ ತುಂಬುತ್ತದೆ. ಕ್ಯಾನ್, ಮೇ ಪಾಠ ಬಂದಾಗ ನಾನು ಬೋರ್ಡ್ ಮೇಲೆ ಮೊದಲು ಬರೆಯುವುದು ಕನ್ನಡವನ್ನೇ: ‘ಅವನು ಬರಬಹುದು’.

ಇದರ ಅರ್ಥ ಏನು ಅಂತ ಕೇಳುತ್ತೇನೆ. ಅರ್ಧ ಜನ ‘ಅವನಿಗೆ ಬರೋಕೆ ಒಪ್ಪಿಗೆ ಇದೆ’ ಅನ್ನುತ್ತಾರೆ. ಉಳಿದವರು ‘ಬಂದರೂ ಬಂದಾನು’ ಅನ್ನುತ್ತಾರೆ. ಇಬ್ಬರದೂ ಸರಿ, ಅಲ್ವಾ? ನಮ್ಮ ‘ಬಹುದು’ ಒಪ್ಪಿಗೆಯನ್ನೂ ಹೇಳುತ್ತದೆ, ಊಹೆಯನ್ನೂ ಹೇಳುತ್ತದೆ. ಇಂಗ್ಲಿಷ್ ಮಾತನಾಡುವಾಗ ನಾವು ತಡವರಿಸುವುದು ಜಾಸ್ತಿ ಇಲ್ಲೇ. ಹಾಗಾಗಿ ಬಾಯಿ ತೆರೆಯುವ ಮುಂಚೆ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಯಾರಾದರೂ ಒಪ್ಪಿಗೆ ಕೊಡುತ್ತಿದ್ದಾರಾ, ಅಥವಾ ನಾನು ಊಹೆ ಮಾಡುತ್ತಿದ್ದೇನಾ?

ಒಪ್ಪಿಗೆ ಆದರೆ ‘ಕ್ಯಾನ್’ ಸಾಕು. ‘ಯು ಕ್ಯಾನ್ ಸಿಟ್ ಹಿಯರ್’, ಇಲ್ಲಿ ಕೂರಬಹುದು. ಒಪ್ಪಿಗೆಗೆ ‘ಮೇ’ ಒಂದೇ ಸರಿ ಅಂತ ಹಳೇ ವ್ಯಾಕರಣದ ಮೇಷ್ಟ್ರುಗಳು ಹಟ ಹಿಡಿಯುತ್ತಿದ್ದರು. ಈಗ ದಿನನಿತ್ಯದ ಮಾತಿನಲ್ಲಿ ಇಂಗ್ಲಿಷಿನವರೇ ‘ಕ್ಯಾನ್’ ಅನ್ನುತ್ತಾರೆ. ‘ಮೇ’ ಸ್ವಲ್ಪ ಇಸ್ತ್ರಿ ಹಾಕಿದ ಅಂಗಿ ಇದ್ದ ಹಾಗೆ. ಇಂಟರ್‌ವ್ಯೂ, ಪ್ರಿನ್ಸಿಪಾಲರ ಕೋಣೆ, ಅರ್ಜಿ, ಇಂಥ ಕಡೆ ಚೆನ್ನಾಗಿರುತ್ತದೆ.

ಊಹೆ ಆದರೆ ‘ಮೇ’, ‘ಮೈಟ್’, ‘ಕುಡ್’ ಮೂರರಲ್ಲಿ ಯಾವುದಾದರೂ ಆಗುತ್ತದೆ. ‘ಕ್ಯಾನ್’ ಮಾತ್ರ ಆಗುವುದಿಲ್ಲ. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಇವತ್ತು ಮಳೆ ಬರಬಹುದು’ ಅನ್ನೋದಕ್ಕೆ ‘ಇಟ್ ಕ್ಯಾನ್ ರೈನ್ ಟುಡೇ’ ಅಂದರೆ ತಪ್ಪು. ‘ಇಟ್ ಮೇ ರೈನ್ ಟುಡೇ’ ಅನ್ನಿ, ‘ಇಟ್ ಮೈಟ್ ರೈನ್’ ಅನ್ನಿ.

ಹಾಗಾದರೆ ‘ಕ್ಯಾನ್’ ಸಾಧ್ಯತೆಗೆ ಬರುವುದೇ ಇಲ್ಲವಾ? ಬರುತ್ತದೆ, ಆದರೆ ಬೇರೆ ತರಹದ ಸಾಧ್ಯತೆಗೆ. ಇದಕ್ಕೆ ನಾನು ಚಿತ್ರದುರ್ಗ ಜಿಲ್ಲೆಯ ವಾಣಿ ವಿಲಾಸ ಸಾಗರವನ್ನೇ ತೋರಿಸುತ್ತೇನೆ. ನನ್ನ ತವರು ಹಿರಿಯೂರು ಕಡೆ. ಆ ಡ್ಯಾಮ್ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ‘ಈ ಡ್ಯಾಮ್ ತುಂಬೋದು ಉಂಟು, ಅದು ಆಗದ ಮಾತೇನಲ್ಲ’ ಅಂತ ಅದರ ಗುಣ ಹೇಳುವಾಗ ‘ದ ಡ್ಯಾಮ್ ಕ್ಯಾನ್ ಫಿಲ್ ಅಪ್’. ‘ಈ ವರ್ಷ ತುಂಬಬಹುದು’ ಅಂತ ಮೋಡ ನೋಡಿ ಹೇಳುವಾಗ ‘ದ ಡ್ಯಾಮ್ ಮೇ ಫಿಲ್ ಅಪ್ ದಿಸ್ ಇಯರ್’. ಮೊದಲನೆಯದು ಯಾವತ್ತಾದರೂ ಆಗುವಂಥದ್ದು, ಎರಡನೆಯದು ಈ ಸಲದ ಲೆಕ್ಕ. ನಮ್ಮ ಅಜ್ಜಿ ಪ್ರತಿ ಮುಂಗಾರಿಗೂ ‘ಈ ಸಲ ತುಂಬ್ಬಹುದು ಕಣವ್ವ’ ಅನ್ನುತ್ತಿದ್ದಳು. ಆಸೆ ಇತ್ತು, ಭರವಸೆ ಕಮ್ಮಿ ಇತ್ತು. ಅವಳ ಮಾತಿಗೆ ನಾನು ‘ಮೈಟ್’ ಹಾಕುತ್ತೇನೆ. ‘ಮೇ’ಗಿಂತ ‘ಮೈಟ್’ ಒಂದು ಕೂದಲಿನಷ್ಟು ಕಮ್ಮಿ ಗಟ್ಟಿ. ಎಷ್ಟೋ ಜನ ಎರಡನ್ನೂ ಒಂದೇ ತರಹ ಬಳಸುತ್ತಾರೆ, ಹಾಗಾಗಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಊಹೆಯನ್ನು ಪ್ರಶ್ನೆ ಮಾಡಿ ಕೇಳುವಾಗ ‘ಮೇ’ ಬಿಟ್ಟುಬಿಡಿ. ‘ಮಳೆ ಬರಬಹುದಾ?’ ಅನ್ನೋದಕ್ಕೆ ‘ಮೇ ಇಟ್ ರೈನ್?’ ಅಂತ ಯಾರೂ ಕೇಳುವುದಿಲ್ಲ. ‘ಡು ಯು ಥಿಂಕ್ ಇಟ್ ವಿಲ್ ರೈನ್?’ ಸಲೀಸಾಗಿ ಬರುತ್ತದೆ.

ಇನ್ನು ಒಪ್ಪಿಗೆ ಕೇಳುವುದು. ಕನ್ನಡದಲ್ಲಿ ನಾವು ‘ಬಹುದಾ’ ಅನ್ನೋದಕ್ಕಿಂತ ‘ಬರ್ಲಾ, ಹೋಗ್ಲಾ, ತಗೊಳ್ಳಲಾ’ ಅನ್ನೋದೇ ಜಾಸ್ತಿ. ಈ ‘ಲಾ’ ಎರಡು ಕೆಲಸ ಮಾಡುತ್ತದೆ. ‘ನಾನು ಮನೆಗೆ ಹೋಗ್ಲಾ?’ ಅಂದರೆ ಒಪ್ಪಿಗೆ ಬೇಕು: ‘ಕ್ಯಾನ್ ಐ ಗೋ ಹೋಮ್?’ ‘ಟೀ ತರ್ಲಾ?’ ಅಂದರೆ ನಾನೇ ಮುಂದೆ ಬಂದು ಮಾಡಿಕೊಡುವ ಮಾತು: ‘ಶಲ್ ಐ ಗೆಟ್ ಯು ಸಮ್ ಟೀ?’ ಎಲ್ಲ ‘ಲಾ’ಗೂ ‘ಶಲ್ ಐ’ ಹಾಕುವವರು ನಮ್ಮಲ್ಲಿ ತುಂಬಾ ಜನ. ರಜ ಕೇಳುವಾಗ ‘ಶಲ್ ಐ ಟೇಕ್ ಲೀವ್?’ ಬೇಡ, ‘ಕುಡ್ ಐ ಟೇಕ್ ಲೀವ್ ಟುಮಾರೋ?’ ಅನ್ನಿ. ‘ಕುಡ್’ನಲ್ಲಿ ‘ತಗೊಳ್ಳಬಹುದಾ ಸರ್’ ಅನ್ನುವ ಮೆದು ದನಿ ಇದೆ. ಆದರೆ ‘ಕುಡ್’ ಕೇಳುವವರ ಮಾತು, ಒಪ್ಪಿಗೆ ಕೊಡುವವರದಲ್ಲ. ‘ಕುಡ್ ಐ’ ಅಂತ ಕೇಳಿದರೆ ‘ಎಸ್, ಯು ಕ್ಯಾನ್’ ಅಂತಲೇ ಉತ್ತರ. ‘ಎಸ್, ಯು ಕುಡ್’ ಆಗುವುದಿಲ್ಲ.

ನಮ್ಮ ಕ್ಲಾಸಿನಲ್ಲಿ ನರ್ಸಿಂಗ್ ಓದುವ ಹುಡುಗಿ ಒಬ್ಬಳಿದ್ದಾಳೆ. ಭಾನುವಾರ ಕುಂದವಾಡ ಕೆರೆಗೆ ಎಲ್ಲರೂ ಹೋಗೋಣ ಅಂತ ಮಾತಾಯಿತು. ಅವಳು ಬೇಜಾರಿನಲ್ಲಿ ‘ಹಾಸ್ಟೆಲ್ ನಾಟ್ ಲೀವಿಂಗ್ ಮಿ, ಅಕ್ಕ’ ಅಂದಳು. ‘ಹಾಸ್ಟೆಲ್‌ನಲ್ಲಿ ಬಿಡಲ್ಲ’ ಅನ್ನೋದನ್ನು ಹಾಗೇ ಎತ್ತಿ ಇಟ್ಟಿದ್ದಳು. ನಾನು ಪಾಠ ಅಲ್ಲೇ ನಿಲ್ಲಿಸಿ ಬೋರ್ಡ್ ಒರೆಸಿದೆ. ನಮ್ಮ ‘ಬಿಡ್ತಾರೆ, ಬಿಡಲ್ಲ’ಕ್ಕೆ ಇಂಗ್ಲಿಷ್‌ನಲ್ಲಿ ಸರಿಯಾದ ಜೋಡಿ ‘ಅಲೌಡ್ ಟು’. ‘ಐ ಆಮ್ ನಾಟ್ ಅಲೌಡ್ ಟು ಗೋ ಔಟ್ ಆನ್ ಸಂಡೇಸ್’. ಮುಂದೆ ಸಿಗುವ ಒಪ್ಪಿಗೆಗೂ ಇದೇ ಆಧಾರ, ಯಾಕೆಂದರೆ ‘ವಿಲ್ ಕ್ಯಾನ್’ ಅಂತ ಜೋಡಿಸೋಕೆ ಬರುವುದಿಲ್ಲ: ‘ಐ ವಿಲ್ ಬಿ ಅಲೌಡ್ ಟು ಗೋ ಆಫ್ಟರ್ ದ ಎಕ್ಸಾಮ್’.

ಮುಂದಿನ ಭಾನುವಾರ ಅವಳನ್ನು ಬಿಟ್ಟರು. ಸೋಮವಾರ ಬಂದವಳೇ ‘ಯೆಸ್ಟರ್‌ಡೇ ಐ ಕುಡ್ ಗೋ’ ಅಂದಳು. ಒಂದು ದಿನ, ಒಂದು ಸಲ ಬಿಟ್ಟದ್ದಕ್ಕೆ ‘ಕುಡ್’ ಒಗ್ಗುವುದಿಲ್ಲ, ‘ಐ ವಾಸ್ ಅಲೌಡ್ ಟು ಗೋ’ ಅನ್ನಬೇಕು. ‘ಪಿಯುಸಿಯಲ್ಲಿ ಇದ್ದಾಗ ಯಾವಾಗ ಬೇಕಾದರೂ ಹೋಗಬಹುದಿತ್ತು’ ಅನ್ನುವಂಥ ರೂಢಿಗೆ ‘ಕುಡ್’ ಸರಿ. ಬಿಡಲಿಲ್ಲ ಅನ್ನುವಾಗ ಈ ಕಟ್ಟು ಇಲ್ಲ, ‘ಐ ಕುಡಂಟ್ ಗೋ’ ಒಂದು ಸಲಕ್ಕೂ ನಡೆಯುತ್ತದೆ.

ಇಲ್ಲ ಅನ್ನುವ ಮಾತಿನಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟ. ‘ಬರಬಾರದು’ ಅಂದರೆ ಒಪ್ಪಿಗೆ ಇಲ್ಲ. ‘ಬರ್ಲಿಕ್ಕಿಲ್ಲ’ ಅಂದರೆ ಊಹೆ. ಎರಡೂ ಬೇರೆ ಬೇರೆ. ಇಂಗ್ಲಿಷಿನ ‘ಮೇ ನಾಟ್’ನಲ್ಲಿ ಎರಡೂ ಕಲಸಿಕೊಂಡಿವೆ. ‘ವಿಸಿಟರ್ಸ್ ಮೇ ನಾಟ್ ಎಂಟರ್’ ಅಂತ ಬಾಗಿಲ ಮೇಲಿದ್ದರೆ ಒಳಗೆ ಹೋಗಬಾರದು. ‘ಹಿ ಮೇ ನಾಟ್ ಕಮ್ ಟುಡೇ’ ಅಂತ ಗೆಳೆಯ ಹೇಳಿದರೆ ಅವನು ಬರ್ಲಿಕ್ಕಿಲ್ಲ, ಅಷ್ಟೆ. ಗೊಂದಲ ಬೇಡ ಅನ್ನಿಸಿದರೆ ಊಹೆಗೆ ‘ಮೈಟ್ ನಾಟ್’, ಬೇಡ ಅನ್ನೋದಕ್ಕೆ ‘ಕಾಂಟ್’ ಹಾಕಿ. ‘ಕಾಂಟ್ ಬಿ’ ಅಂದರೆ ಇನ್ನೂ ಗಟ್ಟಿ: ‘ದಟ್ ಕಾಂಟ್ ಬಿ ಟ್ರೂ’, ಅದು ನಿಜ ಆಗಿರೋಕೆ ಸಾಧ್ಯವೇ ಇಲ್ಲ.

ಈಗ ಆ ಡ್ರೈವರ್ ವಾಕ್ಯ. ಕನ್ನಡದಲ್ಲಿ ‘ಮಾಡಿರಬಹುದು’ ಬೇರೆ, ‘ಮಾಡಬಹುದಿತ್ತು’ ಬೇರೆ. ಮೊದಲನೆಯದರಲ್ಲಿ ಮಾಡಿದನೋ ಇಲ್ಲವೋ ನಮಗೆ ಗೊತ್ತಿಲ್ಲ. ಎರಡನೆಯದರಲ್ಲಿ ಮಾಡಲಿಲ್ಲ ಅಂತ ಗೊತ್ತು, ಅದಕ್ಕೆ ಬೇಜಾರೂ ಇದೆ. ‘ಮಾಡಿರಬಹುದು’ಗೆ ‘ಮೇ ಹ್ಯಾವ್’ ಹಾಕಿ: ‘ದ ಡ್ರೈವರ್ ಮೇ ಹ್ಯಾವ್ ಕಾಲ್ಡ್ ಯು’. ‘ಮಾಡಬಹುದಿತ್ತು’ಗೆ ‘ಕುಡ್ ಹ್ಯಾವ್’. ‘ಕುಡ್ ಹ್ಯಾವ್’ಗೆ ‘ಮಾಡಿರಬಹುದು’ ಅನ್ನುವ ಅರ್ಥವೂ ಉಂಟು. ಆದರೆ ಮೊದಲೇ ಸಿಟ್ಟಿನಲ್ಲಿ ಇರುವವರು ಅದನ್ನು ದೂರು ಅಂತಲೇ ಓದುತ್ತಾರೆ. ಇನ್ನೊಬ್ಬರ ಕೆಲಸದ ಬಗ್ಗೆ, ದುಡ್ಡಿನ ಬಗ್ಗೆ ಬರೆಯುವಾಗ ಈ ಎರಡನ್ನು ಅದಲುಬದಲು ಮಾಡಬೇಡಿ. ಕಳಿಸುವ ಮುಂಚೆ ಒಂದು ಸಲ ಕನ್ನಡದಲ್ಲಿ ಓದಿಕೊಳ್ಳಿ.

ಸಣ್ಣ ಪುಟ್ಟವು ಬೇಗ ಹೇಳಿಬಿಡುತ್ತೇನೆ. ಈ ನಾಲ್ಕರ ಮುಂದೆ ಕ್ರಿಯಾಪದ ಬರಿದಾಗಿ ಬರಬೇಕು. ‘ಹಿ ಕ್ಯಾನ್ ಗೋ’ ಸರಿ, ‘ಹಿ ಕ್ಯಾನ್ ಗೋಸ್’ ತಪ್ಪು, ‘ಕ್ಯಾನ್ ಟು ಗೋ’ನೂ ತಪ್ಪು. ‘ಕ್ಯಾನ್ ಏಬಲ್ ಟು’ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಎರಡೂ ಒಂದೇ ಮಾತು, ಒಂದನ್ನು ಬಿಡಿ. ‘ಮೇಬಿ’ ಸೇರಿಸಿ ಬರೆದರೆ ‘ಬಹುಶಃ’, ‘ಮೇ ಬಿ’ ಬಿಡಿಸಿ ಬರೆದರೆ ‘ಇರಬಹುದು’. ‘ಬರಬಹುದು ಅಂದಳು’ ಅಂತ ಇನ್ನೊಬ್ಬರ ಮಾತು ಹೇಳುವಾಗ ‘ಮೇ’ ಹೋಗಿ ‘ಮೈಟ್’ ಆಗುತ್ತದೆ: ‘ಶಿ ಸೆಡ್ ಶಿ ಮೈಟ್ ಕಮ್’.

ನಾಳೆ ಒಂದು ದಿನ ನಿಮ್ಮ ಬಾಯಲ್ಲಿ ಬರುವ ‘ಬಹುದು’ಗಳನ್ನು ಹಿಡಿದು ಬರೆದಿಡಿ. ಹತ್ತು ಸಾಕು. ಪ್ರತಿಯೊಂದರ ಪಕ್ಕ ‘ಒಪ್ಪಿಗೆ’ ಅಥವಾ ‘ಊಹೆ’ ಅಂತ ಬರೆಯಿರಿ, ಆಮೇಲೆ ಇಂಗ್ಲಿಷ್ ಮಾಡಿ. ‘ಬಿಡಲ್ಲ’, ‘ಬರ್ಲಿಕ್ಕಿಲ್ಲ’ ಸಿಕ್ಕರೆ ಅವನ್ನೂ ಸೇರಿಸಿಕೊಳ್ಳಿ. ನಮ್ಮ ಕ್ಲಾಸಿನವರು ಇದನ್ನು ಊಟದ ಮುಂಚೆಯೇ ಮುಗಿಸಿಬಿಡುತ್ತಾರೆ.