ಪ್ರಾಜೆಕ್ಟ್ ಮುಗಿಯಬೇಕಾದರೆ ಪ್ರಶ್ನೆ ಚಿಕ್ಕದಿರಬೇಕು

ಕಂಪ್ಯೂಟರ್ ಸೈನ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ಕೊನೆಗೆ ಎದುರಾಗುವುದು ಸಂಶೋಧನಾ ಪ್ರಾಜೆಕ್ಟ್. ಪರೀಕ್ಷೆಯಲ್ಲಾದರೆ ಪ್ರಶ್ನೆಪತ್ರಿಕೆಯನ್ನು ಬೇರೆಯವರು ಕೊಡುತ್ತಾರೆ. ಇಲ್ಲಿ ಪ್ರಶ್ನೆಯನ್ನೂ ನೀವೇ ಹುಡುಕಬೇಕು, ಉತ್ತರವನ್ನೂ ನೀವೇ ಕಂಡುಕೊಳ್ಳಬೇಕು. ಕೋಡ್ ಬರೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವರೂ ಇಲ್ಲಿ ತಡವರಿಸುತ್ತಾರೆ. ಕಾರಣ ಹೆಚ್ಚಾಗಿ ಇಷ್ಟೇ: ಪ್ರಶ್ನೆ ತೀರಾ ದೊಡ್ಡದಾಗಿರುತ್ತದೆ, ಇಲ್ಲವೇ ಪ್ರಶ್ನೆಯೇ ಇರುವುದಿಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ

‘ಮೊಬೈಲ್‌ಗೆ ಬರುವ ಸ್ಪ್ಯಾಮ್ ಸಂದೇಶಗಳನ್ನು ಪತ್ತೆ ಹಚ್ಚುವುದು’ ಎಂದು ಸಿನಾಪ್ಸಿಸ್‌ನಲ್ಲಿ (ಪ್ರಾಜೆಕ್ಟ್ ಶುರುವಿಗೆ ಕೊಡುವ ಸಂಕ್ಷಿಪ್ತ ಯೋಜನೆಯಲ್ಲಿ) ಬರೆದರೆ ಅದು ವಿಷಯ. ಅದರ ಮೇಲೆ ಹತ್ತು ವರ್ಷ ಕೆಲಸ ಮಾಡಿದರೂ ಮುಗಿಯುವುದಿಲ್ಲ. ‘ಸಂದೇಶದ ಮೊದಲ 10 ಪದಗಳನ್ನು ಮಾತ್ರ ನೋಡಿ ಸ್ಪ್ಯಾಮ್ ಎಂದು ಹೇಳಲು ಹೊರಟರೆ, ಪೂರ್ತಿ ಸಂದೇಶ ನೋಡಿದಾಗಿನದಕ್ಕಿಂತ ಎಷ್ಟು ತಪ್ಪು ಜಾಸ್ತಿ ಆಗುತ್ತದೆ?’ ಎಂದರೆ ಅದು ಪ್ರಶ್ನೆ. ಏನನ್ನು ಯಾವುದರ ಜೊತೆ ಹೋಲಿಸಬೇಕು, ಏನನ್ನು ಅಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲವೂ ಆ ಒಂದು ವಾಕ್ಯದಲ್ಲೇ ಇದೆ.

ನಿಮ್ಮ ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಒಂದು ಸುಲಭ ದಾರಿ ಇದೆ. ಉತ್ತರ ‘ಹೌದು’ ಬಂದರೂ ‘ಇಲ್ಲ’ ಬಂದರೂ ಬರೆಯಲು ಏನಾದರೂ ಇರುತ್ತದಾ? 10 ಪದ ಸಾಕು ಎಂದಾದರೆ ಅದು ಉಪಯೋಗಕ್ಕೆ ಬರುವ ಸಂಗತಿ. ಸಾಲುವುದಿಲ್ಲ ಎಂದಾದರೆ ಯಾಕೆ ಸಾಲುವುದಿಲ್ಲ ಎಂದು ಹುಡುಕುವುದೇ ಒಂದು ಒಳ್ಳೆಯ ಚಾಪ್ಟರ್. ನಮ್ಮ ವಿಧಾನ ಗೆದ್ದರೆ ಮಾತ್ರ ಪ್ರಾಜೆಕ್ಟ್, ಸೋತರೆ ಏನೂ ಇಲ್ಲ ಎನ್ನುವಂಥ ಪ್ರಶ್ನೆ ಇಟ್ಟುಕೊಳ್ಳಬೇಡಿ. ಅದು ಜೂಜು.

ಓದುವುದಕ್ಕೂ ಒಂದು ಲೆಕ್ಕ ಬೇಕು

ಲಿಟರೇಚರ್ ಸರ್ವೇ, ಅಂದರೆ ಈ ಹಿಂದೆ ಆದ ಸಂಶೋಧನೆಗಳ ಓದು, ಎಂದ ಕೂಡಲೇ ಅರವತ್ತು ಪೇಪರ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವವರಿದ್ದಾರೆ. ಎಲ್ಲವನ್ನೂ ಮೊದಲಿಂದ ಕೊನೆವರೆಗೆ ಓದಲು ಆಗುವುದಿಲ್ಲ, ಓದಬೇಕಾಗಿಯೂ ಇಲ್ಲ. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಎರಡು ಪುಟದ ಲೇಖನವೊಂದರಲ್ಲಿ ಮೂರು ಸುತ್ತಿನ ಓದನ್ನು ವಿವರಿಸಿದ್ದಾರೆ. ಮೊದಲ ಸುತ್ತಿಗೆ 5ರಿಂದ 10 ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಒಳಗಿನ ತಲೆಬರಹಗಳು, ಕೊನೆಯ ಭಾಗ. ಎರಡನೇ ಸುತ್ತಿಗೆ ಒಂದು ಗಂಟೆಯ ಒಳಗೆ: ಚಿತ್ರ, ಗ್ರಾಫ್, ಮುಖ್ಯ ವಾದ. ಮೂರನೆಯದು ಮಾತ್ರ ಪೂರ್ತಿ ಓದು, ಆ ಕೆಲಸವನ್ನು ನಾವೇ ಮತ್ತೆ ಮಾಡುತ್ತಿದ್ದೇವೇನೋ ಎಂಬಂತೆ. ಅರವತ್ತರಲ್ಲಿ ಐದಾರು ಪೇಪರ್ ಮಾತ್ರ ಮೂರನೇ ಸುತ್ತಿಗೆ ಬರಲಿ. ನಿಮ್ಮ ಇಡೀ ಕೆಲಸ ನಿಲ್ಲುವುದು ಅವುಗಳ ಮೇಲೆ.

1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ಎಂಬ ವೆಬ್‌ಸೈಟ್‌ನಲ್ಲಿ ಪೇಪರ್‌ಗಳು ಪುಕ್ಕಟೆ ಸಿಗುತ್ತವೆ. ಆದರೆ ಅಲ್ಲಿ ಹಾಕುವ ಮುನ್ನ ಬೇರೆ ತಜ್ಞರು ಪರಿಶೀಲಿಸಿರಲೇಬೇಕು ಎಂದೇನಿಲ್ಲ. ಆಮೇಲೆ ಯಾವುದಾದರೂ ಸಮ್ಮೇಳನದಲ್ಲೋ ಜರ್ನಲ್‌ನಲ್ಲೋ ಬಂದಿದೆಯಾ ಎಂದು ನೋಡಿ, ಬಂದಿದ್ದರೆ ಆ ಆವೃತ್ತಿಯನ್ನೇ ಉಲ್ಲೇಖಿಸಿ. ಓದಿದ ದಿನವೇ ಪ್ರತಿ ಪೇಪರ್ ಬಗ್ಗೆ ಮೂರು ಸಾಲು ನಿಮ್ಮ ಮಾತಿನಲ್ಲಿ ಬರೆದಿಡಿ. ತಿಂಗಳು ಬಿಟ್ಟು ನೆನಪಿಸಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ.

ಅತಿ ಸರಳ ಉತ್ತರದಿಂದ ಶುರು ಮಾಡಿ

ಈಗ ಡೇಟಾ. ನಮ್ಮ ಉದಾಹರಣೆಗೆ ಸರಿಹೊಂದುವ ಎಸ್ಸೆಮ್ಮೆಸ್ ಸ್ಪ್ಯಾಮ್ ಡೇಟಾಸೆಟ್ ಒಂದಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದರಲ್ಲಿ 5,574 ಸಂದೇಶಗಳಿವೆ. ಸ್ಪ್ಯಾಮ್ 747, ಉಳಿದ 4,827 ಸಾಮಾನ್ಯ ಸಂದೇಶ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಏನನ್ನೂ ಓದದೆ, ಬಂದ ಪ್ರತಿ ಸಂದೇಶಕ್ಕೂ ‘ಸ್ಪ್ಯಾಮ್ ಅಲ್ಲ’ ಎಂದು ಹೇಳುವ ಒಂದು ಸಾಲಿನ ಕೋಡ್ ಬರೆದರೂ ಶೇ 86.6ರಷ್ಟು ಸರಿ ಉತ್ತರ ಬರುತ್ತದೆ! ಹಾಗಿದ್ದಮೇಲೆ ‘ನನ್ನ ಮಾಡೆಲ್ (ಡೇಟಾದಿಂದ ಕಲಿತು ಉತ್ತರ ಹೇಳುವ ಪ್ರೋಗ್ರಾಂ) ಶೇ 88 ನಿಖರ’ ಎಂದರೆ ಅದರಲ್ಲಿ ಹೆಚ್ಚೇನೂ ಇಲ್ಲ, ಅಲ್ವಾ?

ಇದಕ್ಕೇ ಬೇಸ್‌ಲೈನ್, ಅಂದರೆ ಹೋಲಿಸಿ ನೋಡಲು ಒಂದು ಸರಳ ಉತ್ತರ, ಬೇಕು ಎನ್ನುವುದು. ದೊಡ್ಡ ಮಾಡೆಲ್‌ಗೆ ಕೈ ಹಾಕುವ ಮೊದಲು ಆ ಒಂದು ಸಾಲಿನ ಕೋಡ್, ಅದಾದ ಮೇಲೆ ಪದಗಳನ್ನು ಎಣಿಸುವ ಸರಳ ವಿಧಾನ, ಇವೆರಡರ ಅಂಕಿಯನ್ನೂ ಟೇಬಲ್‌ನಲ್ಲಿ ಹಾಕಿಬಿಡಿ. ಬರೀ ನಿಖರತೆ ಸಾಲದು. ನಿಜವಾದ ಸ್ಪ್ಯಾಮ್‌ಗಳಲ್ಲಿ ಎಷ್ಟನ್ನು ಹಿಡಿದಿರಿ, ಸ್ಪ್ಯಾಮ್ ಎಂದು ಹೇಳಿದ್ದರಲ್ಲಿ ಎಷ್ಟು ನಿಜ, ಈ ಎರಡೂ ಬೇರೆ ಬೇರೆಯಾಗಿ ಕಾಣಬೇಕು. ಬ್ಯಾಂಕಿನ ಸಂದೇಶ ಸ್ಪ್ಯಾಮ್ ಎಂದು ಮರೆಯಾದರೆ ಬಳಸುವವರಿಗೆ ಆಗುವ ತೊಂದರೆ, ಒಂದು ಜಾಹೀರಾತು ಇನ್‌ಬಾಕ್ಸ್‌ಗೆ ಬಂದುಬಿಡುವ ತೊಂದರೆಗಿಂತ ದೊಡ್ಡದು.

ಹೀಗೆ ಮೊದಲ ತಿಂಗಳಲ್ಲೇ ಡೇಟಾದಿಂದ ಟೇಬಲ್‌ವರೆಗೆ ಒಂದು ಸಣ್ಣ ದಾರಿ ಪೂರ್ತಿ ತೆರೆದುಕೊಳ್ಳಲಿ. ಅಂಕಿಗಳು ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ಮುಂದಿನ ಕೆಲಸವೆಲ್ಲ ಅದೇ ದಾರಿಯನ್ನು ಅಗಲ ಮಾಡುವುದು.

ಡೇಟಾ ಸೋರಿಕೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಡೇಟಾವನ್ನು ಮೂರು ಪಾಲು ಮಾಡುತ್ತೇವೆ: ಕಲಿಸಲು ಒಂದು, ಹೊಂದಿಸಿ ನೋಡಲು ಒಂದು, ಕೊನೆಯ ಪರೀಕ್ಷೆಗೆ ಒಂದು. ಪರೀಕ್ಷೆಯ ಪಾಲು ಮಾಡೆಲ್‌ನ ಕಣ್ಣಿಗೆ ಮೊದಲೇ ಬಿದ್ದರೆ ಅದು ಪ್ರಶ್ನೆಪತ್ರಿಕೆ ಸೋರಿಕೆಯೇ. ಅದು ಎಲ್ಲಿ ನಡೆಯುತ್ತದೆ ಎಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಮೇಲೆ ಹೇಳಿದ ಸ್ಪ್ಯಾಮ್ ಡೇಟಾವನ್ನೇ ತೆಗೆದುಕೊಳ್ಳಿ. ಅದರಲ್ಲಿ ಅಕ್ಷರ ಬಿಡದೆ ಒಂದೇ ಆಗಿರುವ ಸಂದೇಶಗಳು ನೂರಾರಿವೆ. ಒಂದೇ ಜಾಹೀರಾತನ್ನು ಹಲವರಿಗೆ ಕಳಿಸುತ್ತಾರಲ್ಲ, ಹಾಗೆ; ಸಾಮಾನ್ಯ ಸಂದೇಶಗಳಲ್ಲೂ ಇವೆ. ಸುಮ್ನೆ ಪಾಲು ಮಾಡಿದರೆ ಒಂದು ಪ್ರತಿ ಕಲಿಸುವ ಪಾಲಿಗೆ, ಇನ್ನೊಂದು ಪರೀಕ್ಷೆಯ ಪಾಲಿಗೆ ಹೋಗುತ್ತದೆ. ಮಾಡೆಲ್ ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಅಂಕಿ ಮಾತ್ರ ಚೆನ್ನಾಗಿ ಕಾಣುತ್ತದೆ. ಮೊದಲು ನಕಲು ತೆಗೆಯಿರಿ, ಆಮೇಲೆ ಪಾಲು ಮಾಡಿ. ಪದಕೋಶ ಕಟ್ಟುವುದು, ಸರಾಸರಿ ತೆಗೆಯುವುದು, ಕಡಿಮೆ ಇರುವ ವರ್ಗದ (ಇಲ್ಲಿ ಸ್ಪ್ಯಾಮ್) ಸಂದೇಶಗಳ ಸಂಖ್ಯೆ ಹೆಚ್ಚಿಸುವುದು, ಇವೆಲ್ಲವೂ ಪಾಲು ಮಾಡಿದ ಮೇಲೆ, ಕಲಿಸುವ ಪಾಲಿನಲ್ಲಿ ಮಾತ್ರ.

ನಾನು ಓದುವಾಗ ಇದೇ ತಪ್ಪು ಮಾಡಿದ್ದೆ. ಗೊತ್ತಾದದ್ದು ಸಬ್‌ಮಿಷನ್‌ಗೆ ಮೂರು ವಾರ ಇರುವಾಗ. ಅಷ್ಟೂ ಟೇಬಲ್‌ಗಳನ್ನು ಮತ್ತೆ ಮಾಡಬೇಕಾಯಿತು, ಅಂಕಿಗಳು ಇಳಿದವು. ಆ ಮೂರು ವಾರ ನಿದ್ದೆ ಇರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರತಿ ರನ್‌ಗೂ ಒಂದು ಟಿಪ್ಪಣಿ

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡಲು ಗಿಟ್ ಎಂಬ ಸಾಫ್ಟ್‌ವೇರ್ ಇದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಬರೆದದ್ದು. ಒಬ್ಬರೇ ಮಾಡುವ ಪ್ರಾಜೆಕ್ಟ್‌ಗೂ ಅದು ಬೇಕೇಬೇಕು. ಆದರೆ ಯಾವ ಪ್ರಯೋಗ ಯಾಕೆ ಮಾಡಿದಿರಿ ಎಂಬುದು ತಾನಾಗಿ ಗಿಟ್‌ಗೆ ಹೋಗುವುದಿಲ್ಲ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ಒಂದು ಟಿಪ್ಪಣಿ ಹೀಗಿರಬಹುದು (ರನ್ ಎಂದರೆ ಪ್ರಯೋಗವನ್ನು ಒಮ್ಮೆ ಓಡಿಸುವುದು, ಸೀಡ್ ಎಂದರೆ ಕಂಪ್ಯೂಟರ್‌ನ ಯಾದೃಚ್ಛಿಕ ಆಯ್ಕೆಗಳನ್ನು ನಿರ್ಧರಿಸುವ ಆರಂಭದ ಸಂಖ್ಯೆ):

‘ರನ್ 17. ಮೊದಲ 10 ಪದ, ನಕಲು ತೆಗೆದ ಡೇಟಾ, ಸೀಡ್ 3. ನನ್ನ ಊಹೆ: ಫೋನ್ ನಂಬರ್ ಕೊನೆಯಲ್ಲಿರುವ ಸ್ಪ್ಯಾಮ್ ತಪ್ಪಿಸಿಕೊಳ್ಳಬಹುದು. ಆದದ್ದು: ತಪ್ಪಿದ ಇಪ್ಪತ್ತನ್ನು ಕೂತು ಓದಿದೆ, ಜಾಸ್ತಿ ಅಂಥವೇ. ನಾಳೆ: ಕೊನೆಯ 10 ಪದ ಪ್ರಯತ್ನಿಸುವುದು.’

ಇದರಲ್ಲಿ ಎರಡು ಸಂಗತಿ ಗಮನಿಸಿ. ರಿಸಲ್ಟ್ ನೋಡುವ ಮೊದಲೇ ಊಹೆ ಬರೆದಿದೆ. ಅಂಕಿ ನೋಡಿ ಬಿಡದೆ, ತಪ್ಪಾದ ಸಂದೇಶಗಳನ್ನು ಕಣ್ಣಾರೆ ಓದಿದೆ. ಚರ್ಚೆಯ ಚಾಪ್ಟರ್ ಹುಟ್ಟುವುದೇ ಆ ಇಪ್ಪತ್ತು ಸಂದೇಶಗಳಿಂದ.

ಒಂದೇ ರನ್ ನಂಬಬೇಡಿ. ಸೀಡ್ ಬದಲಿಸಿ ಐದು ಬಾರಿ ಓಡಿಸಿ, ಸರಾಸರಿಯನ್ನೂ ಏರಿಳಿತವನ್ನೂ ಕೊಡಿ. ಎರಡು ವಿಧಾನಗಳ ನಡುವಿನ ಅಂತರ ಆ ಏರಿಳಿತಕ್ಕಿಂತ ಚಿಕ್ಕದಿದ್ದರೆ ‘ನನ್ನದು ಮೇಲು’ ಎಂದು ಬರೆಯುವ ಹಾಗಿಲ್ಲ.

ಗೈಡ್ ಜೊತೆ

ಕೆಲಸ ಆಗಿಲ್ಲ ಎಂದು ಗೈಡ್ ಕಣ್ಣಿಗೆ ಬೀಳದೆ ಓಡಾಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಭೇಟಿಯ ಹಿಂದಿನ ದಿನ ಮೂರು ಸಾಲು ಕಳಿಸಿ: ಏನು ಮಾಡಿದೆ, ಎಲ್ಲಿ ನಿಂತಿದೆ, ನಿಮ್ಮಿಂದ ಏನು ಬೇಕು. ಏನೂ ಆಗದ ವಾರದಲ್ಲೂ ಕಳಿಸಿ.

ಬರವಣಿಗೆ ಕೊನೆಗೆ ಉಳಿಸಬೇಡಿ

ಥೀಸಿಸ್ ಅನ್ನು ಓದುವ ಕ್ರಮದಲ್ಲಿ ಬರೆಯಬೇಕಾಗಿಲ್ಲ. ವಿಧಾನದ ಚಾಪ್ಟರ್ ಮೊದಲು, ಅದೂ ಪ್ರಯೋಗ ನಡೆಯುತ್ತಿರುವಾಗಲೇ. ಆಮೇಲೆ ರಿಸಲ್ಟ್, ಚರ್ಚೆ. ಪೀಠಿಕೆಯನ್ನು ತಡವಾಗಿ ಬರೆದಷ್ಟೂ ಒಳ್ಳೆಯದು, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಥೀಸಿಸ್‌ನ ಪುಟಗಳನ್ನು ಜೋಡಿಸಲು ಲೇಟೆಕ್ (LaTeX) ಸಾಫ್ಟ್‌ವೇರ್ ಬಳಸುವುದಾದರೆ ಮೊದಲ ವಾರದಲ್ಲೇ ಟೆಂಪ್ಲೇಟ್ ಹಾಕಿಟ್ಟುಕೊಳ್ಳಿ.

ಮಿತಿಗಳ ಭಾಗವನ್ನು ಸಂಕೋಚವಿಲ್ಲದೆ ಬರೆಯಿರಿ. ನಮ್ಮ ಉದಾಹರಣೆಯ ಸಂದೇಶಗಳೆಲ್ಲ ಇಂಗ್ಲಿಷಿನವು, ಹೆಚ್ಚಿನವು ಬ್ರಿಟನ್ ಮತ್ತು ಸಿಂಗಪುರದಿಂದ ಬಂದವು, ಹತ್ತು ವರ್ಷಕ್ಕೂ ಹಳೆಯವು. ಇವತ್ತಿನ ಸ್ಪ್ಯಾಮ್‌ಗೆ, ಬೇರೆ ಭಾಷೆಗೆ ಇದೇ ಉತ್ತರ ಒಪ್ಪುತ್ತದೆ ಎಂದು ಹೇಳಲಾಗದು. ಹಾಗೆಂದು ನೀವೇ ಬರೆದರೆ ಪರೀಕ್ಷಕರು ನಿಮ್ಮ ಉಳಿದ ಮಾತನ್ನೂ ನಂಬುತ್ತಾರೆ.

ಎಐ ಟೂಲ್‌ಗಳ ಬಗ್ಗೆ ನಿಮ್ಮ ಸಂಸ್ಥೆಯ ನಿಯಮ ಏನಿದೆಯೋ ಅದನ್ನು ಪಾಲಿಸಿ. ಅವು ಕೊಡುವ ಪೇಪರ್ ಹೆಸರುಗಳು ಎಷ್ಟೋ ಸಲ ಇರುವುದೇ ಇಲ್ಲ. ನೀವೇ ತೆರೆದು ಓದದ ಪೇಪರ್ ಉಲ್ಲೇಖಗಳ ಪಟ್ಟಿಯಲ್ಲಿ ಇರಬಾರದು.

ಸಬ್‌ಮಿಷನ್‌ಗೆ ಒಂದು ವಾರ ಮುಂಚೆ ಸ್ನೇಹಿತರೊಬ್ಬರಿಗೆ ಕೋಡ್ ಕೊಟ್ಟು, ಅವರ ಕಂಪ್ಯೂಟರ್‌ನಲ್ಲಿ ನೀವು ಬಾಯಿ ಬಿಡದೆ ಓಡಿಸಲು ಹೇಳಿ. ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಲ್ಲ, ಯಾವುದೋ ಫೈಲ್ ನಿಮ್ಮ ಡೆಸ್ಕ್‌ಟಾಪ್‌ನಲ್ಲೇ ಉಳಿದಿದೆ ಎಂಬುದೆಲ್ಲ ಹತ್ತು ನಿಮಿಷದಲ್ಲಿ ಹೊರಬೀಳುತ್ತದೆ.

ವೈವಾಗೆ ಸ್ಲೈಡ್‌ಗಳ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳಿದರೆ ರನ್ 17ರ ಪುಟ ತೆಗೆದು ಅವರ ಮುಂದೆ ಇಡಿ.