ಪ್ರಮೋಷನ್ ಬೇಡ ಎಂದ ಆಫೀಸರ್

"ಮೇಡಂ, ಈ ಸಲ ಪ್ರಮೋಷನ್ ಪರೀಕ್ಷೆಗೆ ನಾನು ಅರ್ಜಿ ಹಾಕುವುದಿಲ್ಲ."

ನಾನು ಉಡುಪಿಯ ಒಂದು ಬ್ಯಾಂಕ್ ಶಾಖೆಯ ಮ್ಯಾನೇಜರ್. ನಮ್ಮ ಆಫೀಸರ್ ಹೀಗೆ ಹೇಳಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ಲೆಕ್ಕದಲ್ಲಿ ಪಕ್ಕಾ. ಸಿಟ್ಟಿನಲ್ಲಿ ಬಂದ ಗ್ರಾಹಕರನ್ನು ತುಳುವಿನಲ್ಲಿ ಎರಡು ಮಾತಾಡಿಸಿ ತಣ್ಣಗೆ ಮಾಡುವವರು. ಟ್ರಾನ್ಸ್‌ಫರ್ ಭಯವಾ ಎಂದು ಕೇಳಿದೆ.

"ಅದಲ್ಲ ಮೇಡಂ. ಮ್ಯಾನೇಜರ್ ಆದರೆ ನಿಮ್ಮ ಹಾಗೆ ಇರಬೇಕಲ್ವಾ? ನನ್ನಿಂದ ಆಗ್ಲಿಕ್ಕಿಲ್ಲ."

ಅವರಿಗೆ ಮನೆಯಲ್ಲಿ ಸಣ್ಣ ಮಗು. ಸಂಜೆ ಆರು ದಾಟಿದ ಕೂಡಲೇ ಕುಂದಾಪುರದ ಬಸ್ಸು ಹಿಡಿಯಬೇಕು. ನಾನೋ ರಾತ್ರಿ ಎಂಟರ ತನಕ ಶಾಖೆಯಲ್ಲಿ, ಮನೆಗೆ ಹೋದ ಮೇಲೂ ಫೋನಿನಲ್ಲಿ. ಹತ್ತು ಗಂಟೆಗೆ ನೆನಪಾದದ್ದನ್ನು ಆಗಲೇ ವಾಟ್ಸ್ಯಾಪ್‌ನಲ್ಲಿ ಹಾಕಿಬಿಡುತ್ತಿದ್ದೆ. ಒಮ್ಮೆ ಅಪ್ಪನ ಜೊತೆ ಯಕ್ಷಗಾನದ ಆಟ ನೋಡಲು ಹೋಗಿ, ಚೆಂಡೆಯ ಸದ್ದಿಗೆ ಫೋನ್ ಕೇಳಿಸದೆ ಐದು ಸಲ ಎದ್ದು ಗದ್ದೆಯ ಆಚೆ ಹೋಗಿದ್ದೆ. ಮುಂದಿನ ಆಟಕ್ಕೆ ಅಪ್ಪ ಪಕ್ಕದ ಮನೆಯವರ ಜೊತೆ ಹೋದರು. ನನ್ನನ್ನು ಕರೆಯಲಿಲ್ಲ.

ಇದನ್ನು ನಾನು ಕಷ್ಟಪಟ್ಟು ದುಡಿಯುವುದು ಅಂದುಕೊಂಡಿದ್ದೆ. ಆದರೆ ನನ್ನ ಕುರ್ಚಿಯನ್ನು ನೋಡಿ ಒಳ್ಳೆಯ ಆಫೀಸರ್ ಒಬ್ಬರು ಹಿಂದೆ ಸರಿದರು.

ಅಂದಿನಿಂದ 15 ದಿನ, ಸಂಜೆ ಆರರ ಮೇಲೆ ಬಂದ ಪ್ರತಿ ಕರೆಯನ್ನೂ ಪುಸ್ತಕದಲ್ಲಿ ಬರೆದೆ. ಒಟ್ಟು 41. ನಿಜಕ್ಕೂ ನಾನೇ ಬೇಕಾಗಿದ್ದದ್ದು 3ಕ್ಕೆ. ಉಳಿದವುಗಳಿಗೆ ಉತ್ತರ ಫೋನ್ ಮಾಡಿದವರಿಗೇ ಗೊತ್ತಿತ್ತು. ನನ್ನ ಒಂದು 'ಹೂಂ' ಬೇಕಿತ್ತು, ಅಷ್ಟೆ. ಕೇಳದೆ ಮಾಡಿದವರನ್ನು ನಾನೇ ಹಿಂದೆ ಗದರಿದ್ದೆ. ಮತ್ತೆ ಯಾರಿಗೆ ಧೈರ್ಯ ಬರುತ್ತದೆ?

ದಾರಿ ಹೊಳೆದದ್ದು ಕೃಷ್ಣ ಮಠದ ರಥಬೀದಿಯಲ್ಲಿ. ಕೃಷ್ಣನ ಪೂಜೆಗೆ ಎಂಟು ಮಠ, ಎರಡೆರಡು ವರ್ಷದ ಸರದಿ. ಇದೇ ಪರ್ಯಾಯ. ಮುಂದಿನ ಸರದಿಯ ಮಠ ಒಂದು ವರ್ಷಕ್ಕೂ ಮೊದಲೇ ಬಾಳೆ ಗಿಡ ನೆಟ್ಟು ಬಾಳೆ ಮುಹೂರ್ತ ಮಾಡುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತ. ಜನವರಿ 18ರಂದು ಅಕ್ಷಯ ಪಾತ್ರೆ, ಸಟ್ಟುಗ, ಕೀಲಿ ಕೈ ಬದಲಾಗುವಾಗ ತಯಾರಿ ಎಲ್ಲ ಮುಗಿದಿರುತ್ತದೆ. ಇಷ್ಟು ವರ್ಷ ಪರ್ಯಾಯ ನೋಡಿದ್ದೇನೆ, ನನ್ನ ಶಾಖೆಯಲ್ಲಿ ಮಾತ್ರ ಯಾರಿಗೂ ಬಾಳೆ ನೆಡಲು ಬಿಟ್ಟಿರಲಿಲ್ಲ.

ಮೊದಲು ಏಟಿಎಂ ಕ್ಯಾಶ್ ಎಷ್ಟು ತುಂಬಬೇಕು ಎಂಬ ತೀರ್ಮಾನವನ್ನು ಆ ಆಫೀಸರ್‌ಗೆ ಬಿಟ್ಟೆ. ಮೂರು ತಿಂಗಳ ನಂತರ ದಿನದ ಕೊನೆಯ ಲೆಕ್ಕ, ಆಮೇಲೆ ಚಿನ್ನದ ಸಾಲದ ಕೆಲಸ. ಗ್ರಾಹಕರ ದೂರು ಕೊನೆಗೆ, ಯಾಕೆಂದರೆ ಅದೇ ಜಾಸ್ತಿ ಕಷ್ಟ. ಆರರ ನಂತರ ನನಗೆ ಫೋನ್ ಮಾಡಬೇಕಾದ ವಿಷಯ ಮೂರೇ ಎಂದು ಎಲ್ಲರಿಗೂ ಹೇಳಿದೆ: ಕ್ಯಾಶ್ ತಾಳೆ ಬರದಿದ್ದರೆ, ಅಲಾರಾಂ ಹೊಡೆದರೆ, ಯಾರಿಗಾದರೂ ಜೀವಕ್ಕೆ ಅಪಾಯವಾದರೆ. ನಾನೂ ರಾತ್ರಿ ಮೆಸೇಜ್ ಹಾಕುವುದನ್ನು ಬಿಟ್ಟೆ. ನೆನಪಾದದ್ದನ್ನು ಚೀಟಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಹೇಳುತ್ತೇನೆ. ಮೊದಲ ವಾರ ಕೈ ಸುಮ್ನೆ ಫೋನಿನ ಕಡೆ ಹೋಗುತ್ತಿತ್ತು.

ಅಷ್ಟರಲ್ಲಿ ನನಗೆ ಕಡ್ಡಾಯ ರಜೆ ಬಂತು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮೊದಲೇ ತಿಳಿಸದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಗೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಮೋಸ ಇದ್ದರೆ ಹೊರಬರಲಿ ಎಂದು ಮಾಡಿದ ನಿಯಮ ಅದು. ನಮ್ಮ ಬ್ಯಾಂಕಿನ ಪಟ್ಟಿಯಲ್ಲಿ ನನ್ನ ಹುದ್ದೆಯೂ ಇತ್ತು. ಸ್ಟ್ರಾಂಗ್ ರೂಮಿಗೆ ಎರಡು ಕೀ, ಇಬ್ಬರ ಕೈಯಲ್ಲಿ. ನನ್ನದನ್ನು ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಆ ಆಫೀಸರ್‌ಗೆ ಕೊಟ್ಟೆ.

ಆ ರಜೆಯಲ್ಲೇ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಬಂತು. ಊರಿಡೀ ಜನ, ಹುಲಿವೇಷ, ಮೊಸರು ಕುಡಿಕೆ. ಮಧ್ಯಾಹ್ನಕ್ಕೇ ನಮ್ಮ ಏಟಿಎಂ ಖಾಲಿ. ಮರುದಿನ ಅವರು ಕೌಂಟರಿನಲ್ಲಿ ನಿಂತು ಬೈಗುಳ ಕೇಳಿದರು. ನನಗೆ ಒಂದು ಕರೆಯೂ ಬರಲಿಲ್ಲ.

ರಜೆ ಮುಗಿಸಿ ಹೋದಾಗ ಅವರ ಮುಖ ಸಣ್ಣದಾಗಿತ್ತು. ಆದರೆ ತಪ್ಪು ನನ್ನದೇ. ಆ ದಿನಕ್ಕೆ ಎರಡು ಪಟ್ಟು ಕ್ಯಾಶ್ ಬೇಕು ಎಂಬುದು ನನ್ನ ತಲೆಯಲ್ಲಿತ್ತು, ಎಲ್ಲಿಯೂ ಬರೆದಿರಲಿಲ್ಲ. ಮೇಲಿನ ಕಚೇರಿಗೂ ಹಾಗೆಯೇ ಬರೆದು ಕಳಿಸಿದೆ. ಮತ್ತೆ ಇಬ್ಬರೂ ಕೂತು ವರ್ಷದ ಪಟ್ಟಿ ಮಾಡಿದೆವು. ವಿಟ್ಲಪಿಂಡಿ, ಮಕರ ಸಂಕ್ರಾಂತಿಯ ಹೊತ್ತಿಗೆ ಕೃಷ್ಣ ಮಠದ ಸಪ್ತೋತ್ಸವ, ಪರ್ಯಾಯ. "ಆಗಸ್ಟ್ ಬಿಟ್ಟುಹೋಯಿತು ಮೇಡಂ" ಎಂದರು. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆ ಬಂದರಿನ ಬೋಟ್‌ಗಳು ಕಡಲಿಗೆ ಇಳಿಯುವಾಗ ಕ್ಯಾಶ್ ಜಾಸ್ತಿ ಬೇಕು. ಅದು ನನಗೂ ಹೊಳೆದಿರಲಿಲ್ಲ.

ಮಾರ್ಚ್ 31ಕ್ಕೆ ಈಗಲೂ ತಡವಾಗುತ್ತದೆ. ಅದನ್ನು ಮೊದಲೇ ಹೇಳಿ, ಏಪ್ರಿಲ್‌ನಲ್ಲಿ ಸರದಿಯಂತೆ ಎಲ್ಲರಿಗೂ ರಜೆ ಕೊಡುತ್ತೇನೆ. ಉಳಿದ ದಿನ ಆರಕ್ಕೆ ಹೊರಡುವವರಲ್ಲಿ ನಾನೇ ಮೊದಲು. ನಾನು ಕೂತಿದ್ದರೆ ಬೇರೆಯವರು ಏಳುವುದಿಲ್ಲ.

ಈ ವರ್ಷ ಅವರು ಅರ್ಜಿ ತುಂಬಿದರು. ನನ್ನ ಮೇಜಿನ ಮೇಲೆ ಇಟ್ಟು, "ಸಹಿ ನಾಳೆ ಹಾಕಿ ಮೇಡಂ, ಬಸ್ಸಿಗೆ ಹೊತ್ತಾಯಿತು" ಎಂದು ಓಡಿದರು.